ಕಾಣೆಯಾದ ಒಂದು ಇಂಚು

ಚಳಿಗಾಲ ಮುಗಿಯುವುದರೊಳಗೆ ಈ ಬೂದು ಬಣ್ಣದ ಪ್ಯಾಂಟನ್ನು ಹಾಕಿಕೊಂಡು ಡಾಕ್ಟರ ಮುಂದೆ ನಿಲ್ಲದಿದ್ದರೆ ತಾನು ಇನ್ನು ಕತ್ತರಿ ಹಿಡಿಯುವುದಿಲ್ಲ ಎಂದು ಟೈಲರ್ ಮಾಸ್ಟರು ಘೋಷಿಸಿದರು. ಘೋಷಣೆಗೆ ಸಾಕ್ಷಿಯಾಗಿದ್ದವರು ಇಬ್ಬರೇ. ಒಬ್ಬರು ಮಾಸ್ಟರ ಹೆಂಡತಿ, ಇನ್ನೊಂದು ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿದ್ದ ಆ ಪ್ಯಾಂಟು.

ಮಗಳ ಮದುವೆಗೆಂದು ಐದು ವರ್ಷದ ಹಿಂದೆ ತಮಗಾಗಿ ತಾವೇ ಹೊಲಿದುಕೊಂಡ ಪ್ಯಾಂಟು ಅದು. ಈಗ ಏರಿಸಿದರೆ ಗುಂಡಿಗೂ ಕಾಜಾಕ್ಕೂ ನಡುವೆ ಮೂರು ಇಂಚು ಬಯಲು. ಮೂವತ್ತು ವರ್ಷದಿಂದ ಊರಿನವರ ಹೊಟ್ಟೆಗಳನ್ನು ಬಟ್ಟೆಯ ಕಟ್ಟಿಂಗಿನಲ್ಲೇ ಕರಗಿಸಿದ ಮಹಾನುಭಾವರಿಗೆ ತಮ್ಮ ಹೊಟ್ಟೆಯ ಮುಂದೆ ಕತ್ತರಿ ಮೊಂಡಾಗಿತ್ತು.

ಹೆಂಡತಿಗೆ ಇದು ತಮಾಷೆಯ ವಿಷಯವಾಗಿರಲಿಲ್ಲ. ಮಾಸ್ಟರ ಎದೆಯಲ್ಲಿ ಒಂದು ದಿನ ಏನೋ ಹಿಡಿದಂತಾಗಿ ಆಸ್ಪತ್ರೆಗೆ ಹೋದಾಗ, ಡಾಕ್ಟರು ಕಾಗದಗಳನ್ನೆಲ್ಲ ನೋಡಿ, ಸದ್ಯಕ್ಕೆ ಹೆದರುವಂಥದ್ದೇನಿಲ್ಲ, ಆದರೆ ಈ ಹೊಟ್ಟೆಯನ್ನು ಹೊರುತ್ತಿರುವುದು ಕಾಲಲ್ಲ, ಹೃದಯ ಎಂದು ಹೇಳಿ ಕಳಿಸಿದ್ದರು. ಆಕೆ ಹೊರಗಿನ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ಆಕೆಯ ಅಣ್ಣ ಐವತ್ತರ ಹೊಸ್ತಿಲಲ್ಲಿ, ಮನೆಯ ಮೆಟ್ಟಿಲ ಮೇಲೆ ಚಪ್ಪಲಿ ಬಿಡಲು ಕೂತವನು ಹಾಗೇ ಹೋಗಿದ್ದ. ಮಾಸ್ಟರಿಗೆ ಆಗ ಐವತ್ತಮೂರು.

ಅಂದೇ ಸಂಜೆ ಮಾಸ್ಟರು ಕಟ್ಟಿಂಗ್ ಕಾಗದದ ಮೇಲೆ ನೀಲಿ ಸೀಮೆಸುಣ್ಣದಲ್ಲಿ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಬೆಳಗಿನ ಐದಕ್ಕೆ ಏಳುವುದು. ಒಂದು ಗಂಟೆ ಬಿರುಸು ನಡಿಗೆ. ಸಕ್ಕರೆಗೆ ಬಹಿಷ್ಕಾರ. ಅಂಗಡಿಯ ಎದುರಿನ ಬೇಕರಿಯ ಕಡೆ ತಲೆ ಎತ್ತಿಯೂ ನೋಡದಿರುವುದು. ಪ್ರತಿ ಭಾನುವಾರ ಬೆಳಿಗ್ಗೆ ಪ್ಯಾಂಟಿನ ಪರೀಕ್ಷೆ. ಟೇಪು ಹಿಡಿಯಬೇಡವೇ ಎಂದು ಹೆಂಡತಿ ಕೇಳಿದ್ದಕ್ಕೆ, ಟೇಪು ಗಿರಾಕಿಗಳಿಗೆ, ತನಗೆ ಪ್ಯಾಂಟೇ ಸಾಕ್ಷಿ ಎಂದರು. ಆಕೆ ಕಾಗದದ ಒಂದು ಮೂಲೆ ಏಳುತ್ತಿದ್ದುದನ್ನು ಒತ್ತಿ ಅಂಟಿಸಿದಳು. ಗಂಡನ ಆರಂಭಶೂರತ್ವ ಅವಳಿಗೆ ಹೊಸದಲ್ಲ. ಹಿಂದೊಮ್ಮೆ ಕಸರತ್ತಿಗೆಂದು ತಂದ ಕಬ್ಬಿಣದ ಗುಂಡುಗಳು ಈಗ ಅಂಗಡಿಯಲ್ಲಿ ಬಟ್ಟೆ ಜಾರದಂತೆ ಒತ್ತಿಹಿಡಿಯುವ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದ್ದವು.

ಮೊದಲ ಮೂರು ದಿನ ಮಾಸ್ಟರು ನಿಜವಾಗಿಯೂ ನಡೆದರು. ಇದನ್ನು ಅವರ ಪರವಾಗಿ ಹೇಳಲೇಬೇಕು. ನಾಲ್ಕನೆಯ ದಿನ ಚಳಿ ತನ್ನ ಅಸಲಿ ಬಣ್ಣ ತೋರಿಸಿತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೀದಿದೀಪ ಇದ್ದ ಕಡೆ ಒಂದು ಹಳದಿ ಕಲೆ ಮಾತ್ರ ಕಾಣುತ್ತಿತ್ತು. ಹಲ್ಲುಗಳು ಹೊಲಿಗೆ ಮೆಷಿನ್ನಿನಂತೆ ಕಟಕಟ ಎನ್ನತೊಡಗಿದವು. ಐದು ನಿಮಿಷ ಬೆಚ್ಚಗಾಗಿ ಹೊರಡೋಣ ಎಂದುಕೊಂಡು ಅವರು ಅಂಗಡಿಯ ಷಟರನ್ನು ಮೊಣಕಾಲೆತ್ತರಕ್ಕೆ ಎತ್ತಿ ಒಳಗೆ ತೂರಿದರು.

ಒಳಗೆ ಅಗಲವಾದ ಕಟ್ಟಿಂಗ್ ಮೇಜು ಇತ್ತು. ಮೇಜಿನ ಪಕ್ಕದಲ್ಲಿ, ಒಳಗಿನ ಅಸ್ತರು ಬದಲಿಸಲೆಂದು ನಿವೃತ್ತ ಜಡ್ಜ್ ಸಾಹೇಬರು ಕೊಟ್ಟಿದ್ದ ಉಣ್ಣೆಯ ಉದ್ದ ಕೋಟು ತೂಗುತ್ತಿತ್ತು. ಹೆಚ್ಚಿಗೆ ಹೇಳುವ ಅಗತ್ಯವಿಲ್ಲ. ಅಂದಿನಿಂದ ಪ್ರತಿದಿನ ಐದರಿಂದ ಆರೂವರೆಯವರೆಗೆ ಮಾಸ್ಟರ ಸುಳ್ಳು, ನ್ಯಾಯದ ಕೋಟು ಹೊದ್ದು, ಮೇಜಿನ ಮೇಲೆ ಸುಖವಾಗಿ ನಿದ್ದೆ ಮಾಡಿತು. ಆರೂವರೆಗೆ ಎದುರಿನ ಬೇಕರಿಯಿಂದ ಮೊದಲ ಬನ್ನಿನ ವಾಸನೆ ಬರುತ್ತಿತ್ತು. ತಲೆ ಎತ್ತಿ ನೋಡುವುದಿಲ್ಲವೆಂದು ನಿಯಮವಿತ್ತಲ್ಲ, ಮಾಸ್ಟರು ತಲೆ ತಗ್ಗಿಸಿಕೊಂಡೇ ಎರಡು ಬನ್ನು ತಂದು ತಿನ್ನುತ್ತಿದ್ದರು.

ಮನೆಗೆ ಬಂದರೆ ಹೆಂಡತಿ ಬಿಸಿನೀರು ಕಾಯಿಸಿಟ್ಟು ಬಾಗಿಲಲ್ಲೇ ನಿಂತಿರುತ್ತಿದ್ದಳು. ಎರಡು ಕೈಯಿಂದ ಅವರ ಕಿವಿ ಮುಟ್ಟಿ ನೋಡಿ, ಎಷ್ಟು ತಣ್ಣಗಾಗಿದೆ ಎಂದು ನೊಂದುಕೊಳ್ಳುತ್ತಿದ್ದಳು. ಅಂಗಡಿಯಿಂದ ಮನೆಗೆ ಬರುವ ಮುನ್ನೂರು ಹೆಜ್ಜೆಯ ಚಳಿ ಅದು. ಮಾಸ್ಟರಿಗೆ ನಾಚಿಕೆಯಾಗುತ್ತಿತ್ತು. ನಾಳೆಯಿಂದ ಖಂಡಿತ ನಡೆಯುತ್ತೇನೆ ಎಂದು ದಿನವೂ ಅಂದುಕೊಳ್ಳುತ್ತಿದ್ದರು. ಆ ನಾಳೆಯೂ ಷಟರಿನ ಕಿರುಗುಟ್ಟುವ ಸದ್ದಿನಿಂದಲೇ ಶುರುವಾಗುತ್ತಿತ್ತು.

ಮೊದಲ ಭಾನುವಾರದ ಪರೀಕ್ಷೆಯಲ್ಲಿ ಪ್ಯಾಂಟು ಒಂದು ನೂಲೂ ಜಗ್ಗಲಿಲ್ಲ. ಮೂರು ಇಂಚು ಮೂರೇ ಇಂಚಾಗಿ ನಿಂತಿತ್ತು. ಹೆಂಡತಿ ಪರವಾಗಿಲ್ಲ ಬಿಡಿ ಎಂದಳು, ಆದರೆ ಅವಳ ಮುಖ ಆಸ್ಪತ್ರೆಯ ಬೆಂಚಿನ ಮೇಲೆ ಇದ್ದಂತೆಯೇ ಆಯಿತು. ಅದನ್ನು ನೋಡಲಾರದೆ ಮಾಸ್ಟರಿಗೆ ಒಂದು ಉಪಾಯ ಹೊಳೆಯಿತು. ಒಳ್ಳೆಯ ಟೈಲರ್ ಪ್ಯಾಂಟಿನ ಹಿಂದುಗಡೆ ಒಳಗೆ ಒಂದಷ್ಟು ಬಟ್ಟೆ ಮಡಿಸಿ ಬಿಟ್ಟಿರುತ್ತಾನೆ. ಬೇಕಾದಾಗ ಹೊಲಿಗೆ ಬಿಚ್ಚಿ ಅಗಲ ಮಾಡಬಹುದು. ಇಸ್ತ್ರಿಯ ನೆಪದಲ್ಲಿ ಮುಂದಿನ ಶನಿವಾರ ಪ್ಯಾಂಟನ್ನು ಅಂಗಡಿಗೆ ಒಯ್ದು ಹಿಂದಿನ ಹೊಲಿಗೆಯನ್ನು ಅರ್ಧ ಇಂಚು ಬಿಟ್ಟುಕೊಟ್ಟರು. ವಾರಕ್ಕೆ ಅರ್ಧ ಇಂಚು, ಆರು ವಾರಕ್ಕೆ ಮೂರು ಇಂಚು. ಅಷ್ಟರಲ್ಲಿ ಚಳಿ ಮುಗಿದಿರುತ್ತದೆ, ಆಮೇಲೆ ನಿಜವಾಗಿ ನಡೆದರಾಯಿತು ಎಂಬುದು ಯೋಜನೆ.

ಹೆಂಡತಿಯ ಕಣ್ಣಿಗೆ ಬೀಳುವುದಿಲ್ಲವೇ ಎಂದು ಕೇಳಬಹುದು. ಆಕೆಯೂ ಅದೇ ಕಸುಬಿನವಳು. ಅಂಗಡಿಯ ಕಾಜಾ, ಗುಂಡಿ, ಕೊಕ್ಕೆಗಳೆಲ್ಲ ಮನೆಯಲ್ಲಿ ಅವಳ ಕೈಯಿಂದಲೇ ಆಗುತ್ತಿದ್ದವು. ಆದರೆ ಮದುವೆಯಾದ ಹೊಸದರಲ್ಲಿ ಮಾಸ್ಟರು ಅವಳು ಹಾಕಿದ ಒಂದು ಗುಂಡಿ ಸೊಟ್ಟ ಎಂದಿದ್ದರು. ಅವಳು ಅವರ ಒಂದು ಹೊಲಿಗೆ ಡೊಂಕು ಎಂದಿದ್ದಳು. ಮೂರು ದಿನ ಮನೆಯಲ್ಲಿ ಮಾತಿರಲಿಲ್ಲ. ನಾಲ್ಕನೆಯ ದಿನ ಒಂದು ಒಪ್ಪಂದವಾಯಿತು. ಹೊಲಿಗೆ ಅವರದು, ಗುಂಡಿ ಅವಳದು, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕಣ್ಣು ಹಾಕುವಂತಿಲ್ಲ. ಇಪ್ಪತ್ತಾರು ವರ್ಷದ ಸಂಸಾರ ಆ ಒಪ್ಪಂದದ ಮೇಲೆ ನೆಟ್ಟಗೆ ನಡೆದಿತ್ತು.

ಎರಡನೆಯ ಭಾನುವಾರ ಅರ್ಧ ಇಂಚು ಬರಬೇಕಾದಲ್ಲಿ ಹತ್ತಿರ ಹತ್ತಿರ ಒಂದು ಇಂಚು ಬಂತು. ಮಾಸ್ಟರಿಗೆ ಅಚ್ಚರಿಯಾದರೂ ಬೇಸರವಾಗಲಿಲ್ಲ. ಆ ಮೂರು ದಿನದ ನಡಿಗೆಯ ಫಲ ಈಗ ನಿಧಾನವಾಗಿ ಬರುತ್ತಿದೆ ಎಂದುಕೊಂಡರು. ಹೊಗಳಿಕೆಗೆ ಸೋಲದವರು ಯಾರು? ಹೆಂಡತಿ ಹೊಗಳಿದಳು, ಮಗಳು ಫೋನಿನಲ್ಲಿ ಹೊಗಳಿದಳು. ಮಾಸ್ಟರು ಗಿರಾಕಿಗಳಿಗೆ ಅಳತೆ ತೆಗೆಯುತ್ತಲೇ, ಮನಸ್ಸು ಗಟ್ಟಿಯಿದ್ದರೆ ಮೈ ತಾನಾಗಿ ಮಾತು ಕೇಳುತ್ತದೆ ಎಂದು ಉಪದೇಶ ಮಾಡತೊಡಗಿದರು. ಕೆಲವರು ಅದನ್ನು ನಂಬಿ ನಡೆಯಲೂ ಶುರುಮಾಡಿದರು.

ಐದನೆಯ ಭಾನುವಾರದ ಹಿಂದಿನ ಬೆಳಿಗ್ಗೆ ಯಾರೋ ಷಟರು ತಟ್ಟಿದರು. ಮಾಸ್ಟರು ದಡಬಡಿಸಿ ಎದ್ದು ಷಟರೆತ್ತಿದರೆ ಎದುರಿಗೆ ಜಡ್ಜ್ ಸಾಹೇಬರು. ಎಪ್ಪತ್ತರ ಆ ಹಿರಿಯರು ತೆಳ್ಳನೆಯ ಸ್ವೆಟರಿನಲ್ಲಿ ನಡುಗುತ್ತ ವಾಕಿಂಗ್ ಮುಗಿಸಿ ಬಂದಿದ್ದರು. ಒಳಗೆ ಬಂದು ಕೋಟು ಮುಟ್ಟಿ ನೋಡಿ, ಬೆಚ್ಚಗಿದೆಯಲ್ಲ ಎಂದರು. ಈಗಷ್ಟೇ ಇಸ್ತ್ರಿ ಹಾಕಿದೆ ಎಂದು ಮಾಸ್ಟರು ಹೇಳಿದರು. ಜಡ್ಜ್ ಸಾಹೇಬರು ತಣ್ಣಗೆ ಕೂತಿದ್ದ ಇಸ್ತ್ರಿಪೆಟ್ಟಿಗೆಯನ್ನು ಒಮ್ಮೆ ನೋಡಿದರು, ತೀರ್ಪು ಕೊಡಲಿಲ್ಲ. ಮಾತು ತೇಲಿಸಲು ಮಾಸ್ಟರು ತಮ್ಮ ಪ್ಯಾಂಟಿನ ವಿಜಯಗಾಥೆ ತೆಗೆದರು. ಸಾಹೇಬರು ಎಲ್ಲವನ್ನೂ ಕೇಳಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದರು:

"ನಡೆದು ಸಣ್ಣ ಆದ್ರೆ ಒಳ್ಳೇದೇ. ನನ್ನ ಭಾವಮೈದ ಏನೂ ಮಾಡದೆ ಸಣ್ಣ ಆದ. ಪ್ಯಾಂಟು ಸಡಿಲ ಆಗ್ತಿದೆ ಅಂತ ಖುಷಿಯಾಗಿ ಓಡಾಡ್ಕೊಂಡಿದ್ದ. ಬೇಸಿಗೆ ನೋಡ್ಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮಾಸ್ಟರ ಕೈ ತಮ್ಮ ಸೊಂಟಕ್ಕೆ ಹೋಯಿತು. ಸಾಹೇಬರು ಹೋದ ಮೇಲೆ ಕೂತು ಲೆಕ್ಕ ಹಾಕಿದರು. ಅಂದಿನದನ್ನೂ ಸೇರಿಸಿದರೆ ತಾವು ಬಿಟ್ಟದ್ದು ಎರಡು ಇಂಚು. ಹೊಟ್ಟೆ ಇದ್ದ ಹಾಗೇ ಇದ್ದರೆ ನಾಳೆ ಗುಂಡಿಗೂ ಕಾಜಾಕ್ಕೂ ನಡುವೆ ಇನ್ನೂ ಒಂದು ಇಂಚು ಉಳಿಯಬೇಕು. ಉಳಿಯಲಿ ಎಂದು, ಜೀವನದಲ್ಲಿ ಮೊದಲ ಬಾರಿಗೆ, ಅವರು ತಮ್ಮ ಹೊಟ್ಟೆಗಾಗಿ ಪ್ರಾರ್ಥಿಸಿದರು. ಟೇಪು ಕೊರಳಲ್ಲೇ ಇತ್ತು. ಎರಡು ಸಲ ಕೈಗೆ ತೆಗೆದುಕೊಂಡರು, ಎರಡು ಸಲವೂ ಧೈರ್ಯ ಸಾಲದೆ ಕೊರಳಿಗೇ ಹಾಕಿಕೊಂಡರು. ಆ ದಿನ ತಂದ ಎರಡು ಬನ್ನಿನಲ್ಲಿ ಒಂದನ್ನೇ ತಿಂದರು.

ಭಾನುವಾರ ಬೆಳಿಗ್ಗೆ ಪ್ಯಾಂಟು ಏರಿಸಿದರು. ಗುಂಡಿ ಕಾಜಾದೊಳಗೆ ಸಲೀಸಾಗಿ ಹೋಗಿ ಕೂತಿತು. ಉಸಿರು ಕೂಡ ಹಿಡಿಯಬೇಕಾಗಲಿಲ್ಲ.

ಹೆಂಡತಿ ಎರಡು ಕೈಯನ್ನೂ ಬಾಯಿಗೆ ಒತ್ತಿಕೊಂಡು ನಿಂತಳು. ಅವಳ ಕಣ್ಣು ತುಂಬಿ ಬಂತು. ಮಗಳಿಗೆ ಫೋನು ಮಾಡಿದಳು, ಪಕ್ಕದ ಮನೆಯವರಿಗೂ ಹೇಳಿ ಬಂದಳು. ಮಾಸ್ಟರು ಮಾತ್ರ ಮಂಚದ ಅಂಚಿನಲ್ಲಿ ಕೂತವರು ಕೂತೇ ಇದ್ದರು. ಒಂದು ಇಂಚು ಎಲ್ಲಿಗೆ ಹೋಯಿತು? ನಡೆದದ್ದು ಮೂರೇ ದಿನ. ತಿಂದದ್ದು ದಿನಕ್ಕೆರಡು ಬನ್ನು. ಹೆಂಡತಿ ಬೇರೆ, ಗಂಡ ಸೊರಗುತ್ತಿದ್ದಾರೆಂದು ಮರುಗಿ, ಈಚೆಗೆ ಊಟದ ತಟ್ಟೆಯ ಮೂಲೆಯಲ್ಲಿ ಕೇಳದೆಯೇ ಬೆಣ್ಣೆ ಇಡುತ್ತಿದ್ದಳು. ಇಷ್ಟೆಲ್ಲ ಆದಮೇಲೂ ಮೈಯಿಂದ ಒಂದು ಇಂಚು ಕಾಣೆಯಾಗಬೇಕಾದರೆ ಒಳಗೆ ಯಾವುದೋ ರೋಗ ಕೂತು ತಿನ್ನುತ್ತಿರಬೇಕು. ಯಾರಿಗೆ ಹೇಳುವುದು? ನಡೆದು ಇಳಿಯಿತಲ್ಲ ಎಂದು ಎಲ್ಲರೂ ನಗುತ್ತಾರೆ. ನಡೆದಿಲ್ಲ ಎಂದು ಒಪ್ಪಿಕೊಂಡರೆ ಮಾತ್ರ ರೋಗದ ಮಾತನ್ನು ಯಾರಾದರೂ ನಂಬುತ್ತಾರೆ. ಹಾಗೆ ಹೇಳುವುದಕ್ಕಿಂತ ರೋಗವೇ ವಾಸಿ ಎಂದು ಮಧ್ಯಾಹ್ನದವರೆಗೂ ಅನ್ನಿಸಿತು.

ಮಧ್ಯಾಹ್ನ ಹೆಂಡತಿ ತಟ್ಟೆ ತಂದಿಟ್ಟಳು. ಬೆಣ್ಣೆ ಎಂದಿಗಿಂತ ದೊಡ್ಡದಾಗಿತ್ತು. ಮಾಸ್ಟರು ತಟ್ಟೆ ಸರಿಸಿದರು.

"ನನಗೇನೋ ಆಗಿದೆ ಕಣೇ," ಎಂದರು. "ನಾನು ನಡೀಲೇ ಇಲ್ಲ."

ಆಮೇಲೆ ತಡೆಯಲಾಗಲಿಲ್ಲ. ಷಟರು, ಮೇಜು, ಕೋಟು, ಬನ್ನು, ಹಿಂದಿನ ಹೊಲಿಗೆ, ಜಡ್ಜ್ ಸಾಹೇಬರ ಭಾವಮೈದ, ಎಲ್ಲವೂ ಹೊರಗೆ ಬಂತು. ತಾನು ಸತ್ತರೆ ಮೆಷಿನ್ನನ್ನು ಮಾರಬೇಡ, ಹಳೆಯದಾದರೂ ಹೊಲಿಗೆ ಚೆನ್ನಾಗಿ ಬೀಳುತ್ತದೆ ಎಂಬಲ್ಲಿಗೆ ಮಾತು ಬಂದು ನಿಂತಿತು.

ಹೆಂಡತಿ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಬೈದಿದ್ದರೆ ಮಾಸ್ಟರಿಗೆ ಹಗುರವಾಗುತ್ತಿತ್ತು.

"ದಿನಾ ಐದು ಗಂಟೆಗೆ ನೀವು ಹೋದ್ಮೇಲೆ ನಾನು ಮಲಗ್ತಿರಲಿಲ್ಲ," ಎಂದಳು. "ಮಂಜಲ್ಲಿ ಎಲ್ಲಾದ್ರೂ ಎದೆ ಹಿಡ್ಕೊಂಡು ಕೂತ್ಬಿಟ್ರೆ ಯಾರಿಗೆ ಕಾಣುತ್ತೆ ಅಂತ, ನೀವು ಬರೋತನಕ ಕಿಟಕಿ ಹತ್ರಾನೇ ನಿಂತಿರ್ತಿದ್ದೆ."

ಮಾಸ್ಟರಿಗೆ ತಲೆ ಎತ್ತಲಾಗಲಿಲ್ಲ. ತಾನು ಬೆಚ್ಚಗೆ ಗೊರಕೆ ಹೊಡೆಯುತ್ತಿದ್ದ ಒಂದೂವರೆ ಗಂಟೆ ಹೊತ್ತು ಇವಳು ತಣ್ಣನೆಯ ನೆಲದ ಮೇಲೆ ನಿಂತಿದ್ದಳು. ಆ ಕ್ಷಣ ರೋಗದ ಭಯಕ್ಕಿಂತ ನಾಚಿಕೆಯೇ ದೊಡ್ಡದಾಗಿ ಕಂಡಿತು.

ಆಕೆ ಎದ್ದು ಹೋಗಿ ಬೂದು ಪ್ಯಾಂಟನ್ನು ತಂದು ಅವರ ತೊಡೆಯ ಮೇಲೆ ಹಾಕಿದಳು. ಗುಂಡಿ ನೋಡಿ ಎಂದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಮಾಸ್ಟರು ಹೆಂಡತಿ ಹಾಕಿದ ಗುಂಡಿಯನ್ನು ಕಣ್ಣಿಟ್ಟು ನೋಡಿದರು. ಅದು ತಾನಿರಬೇಕಾದ ಜಾಗದಿಂದ ಹೊರಟು ಪಟ್ಟಿಯ ತುತ್ತತುದಿಗೆ ಬಂದು ಕೂತಿತ್ತು. ಹಿಂದೆ ನಾಲ್ಕು ಕಡೆ ಹಳೆಯ ದಾರದ ಸಣ್ಣ ಸಣ್ಣ ತೂತುಗಳು, ಅರ್ಧರ್ಧ ಇಂಚಿಗೆ ಒಂದರಂತೆ.

ಮೊದಲ ಭಾನುವಾರ ಅವರ ಮುಖ ಬಾಡಿದ್ದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲವಂತೆ. ಆ ಚಳಿಯಲ್ಲಿ ಅಷ್ಟು ಕಷ್ಟಪಟ್ಟು ನಡೆಯುವ ಮನುಷ್ಯ ಬೇಸತ್ತು ಬಿಟ್ಟುಬಿಟ್ಟರೆ ಗತಿಯೇನು? ಹಾಗಾಗಿ ಪ್ರತಿ ಬುಧವಾರ, ಅವರು ಅಂಗಡಿಯಲ್ಲಿರುವಾಗ, ಗುಂಡಿಯನ್ನು ಕಿತ್ತು ಅರ್ಧ ಇಂಚು ಸರಿಸಿ ಹಾಕುತ್ತಿದ್ದಳು. ಗಂಡ ಗುಂಡಿ ನೋಡುವುದಿಲ್ಲವೆಂಬ ಧೈರ್ಯ ಅವಳಿಗಿತ್ತು. ಹೆಂಡತಿ ಹೊಲಿಗೆ ನೋಡುವುದಿಲ್ಲವೆಂಬ ಧೈರ್ಯ ಇವರಿಗಿತ್ತು. ಹಿಂದಿನಿಂದ ಗಂಡ, ಮುಂದಿನಿಂದ ಹೆಂಡತಿ, ಇಬ್ಬರೂ ಸೇರಿ ಪ್ಯಾಂಟನ್ನು ಬೆಳೆಸಿದ್ದರು.

ಲೆಕ್ಕ ಸರಿಹೋಯಿತು. ಆದರೆ ಹೊಕ್ಕ ಭಯ ಲೆಕ್ಕ ಕೇಳಿ ಹೊರಡುವಂಥದ್ದಲ್ಲ. ಮಾಸ್ಟರು ಆ ತೂತುಗಳನ್ನು ಮತ್ತೆ ಮತ್ತೆ ಎಣಿಸಿದರು. ಹೆಂಡತಿ ಅವರನ್ನು ತೋಳು ಹಿಡಿದು ಎಬ್ಬಿಸಿ ನಿಲ್ಲಿಸಿದಳು. ಅವರ ಕೊರಳಲ್ಲಿದ್ದ ಟೇಪನ್ನು ತೆಗೆದು ಸೊಂಟಕ್ಕೆ ಸುತ್ತಿದಳು. ಗಿರಾಕಿಗಳು ಮಾಡುವಂತೆ ಮಾಸ್ಟರು ಹೊಟ್ಟೆಯನ್ನು ಒಳಗೆಳೆದುಕೊಂಡರು. ಬಿಡಿ ಎಂದು ಆಕೆ ಬೆರಳಿನಿಂದ ತಟ್ಟಿದಳು. ಬಿಟ್ಟರು. ಮಾಸ್ಟರು ಕಣ್ಣು ಮುಚ್ಚಿಕೊಂಡರು. ನಲವತ್ತೆರಡು ಅವರ ಹಳೆಯ ಅಳತೆ. ನಲವತ್ತೊಂದು ಎಂದು ಅವಳ ಬಾಯಿಂದ ಬಂದರೆ ತನ್ನ ಕಥೆ ಮುಗಿಯಿತು.

"ನಲವತ್ಮೂರು," ಎಂದಳು.

ಮಾಸ್ಟರು ಮಂಚದ ಮೇಲೆ ಕೂತು, ಎರಡು ಕೈಯನ್ನೂ ಹೊಟ್ಟೆಯ ಮೇಲಿಟ್ಟುಕೊಂಡು, ಮಗುವಿನ ಹಾಗೆ ಅತ್ತುಬಿಟ್ಟರು. ಹೊಟ್ಟೆ ಬೆಳೆದದ್ದಕ್ಕೆ ಇಷ್ಟು ಸಂತೋಷಪಟ್ಟ ಗಂಡಸು ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಅಳು ನಿಂತ ಮೇಲೆ ಕಣ್ಣೊರೆಸಿಕೊಂಡು, "ದೇವರು ದೊಡ್ಡವನು ಕಣೇ," ಎಂದರು.

ಹೆಂಡತಿ ಟೇಪನ್ನು ಬೆರಳಿಗೆ ಸುತ್ತಿ ಮಡಿಸುತ್ತಿದ್ದಳು. ನಗಲಿಲ್ಲ.

"ದೇವರ ಅಳತೆ ನಾನು ತೆಗೆದಿಲ್ಲ. ನೀವಂತೂ ಒಂದಿಂಚು ದೊಡ್ಡೋರಾಗಿದ್ದೀರಿ. ನಾಳೆ ಐದಕ್ಕೆ ಎದ್ದೇಳಿ, ಅಂಗಡಿ ಬೀಗದ ಕೈ ನನ್ನ ಹತ್ರ ಇರುತ್ತೆ."