ಭಾವನ ಗಣಿಯಲ್ಲಿ ನಾನು ನಾಲ್ಕನೇ ನಂಬರು

ನನ್ನ ಭಾವ ಇಂಗ್ಲೆಂಡಿಗೆ ಕಾಲಿಟ್ಟವರಲ್ಲ. ಆದರೆ ಅಲ್ಲಿನ ಒಂದು ಕಲ್ಲಿದ್ದಲ ಗಣಿಯ ಇತಿಹಾಸವನ್ನು ಸ್ವಂತ ಅಜ್ಜನ ಜಾತಕದ ಹಾಗೆ ಬಾಯಿಪಾಠ ಹೇಳಬಲ್ಲರು! ಗಲ್ಫಿನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಫ್ಲ್ಯಾಟಿನಲ್ಲಿ ಕೂತ ಉಡುಪಿಯ ಮನುಷ್ಯನಿಗೆ ಎಂದೋ ಮುಚ್ಚಿದ ಗಣಿಯ ಉಸಾಬರಿ ಯಾಕೆ? ಮೊದಲ ದಿನವೇ ನನಗೆ ಗುಮಾನಿ ಬಂದಿತ್ತು.

ಅವರ ಗೋದಾಮಿನ ಇಂಗ್ಲಿಷ್ ಮ್ಯಾನೇಜರ್ ನಿವೃತ್ತನಾಗಿ ಹೋಗುವಾಗ, ತನ್ನ ಅಜ್ಜ ದುಡಿದ ಗಣಿಯ ಕುರಿತ ದಪ್ಪ ಪುಸ್ತಕವೊಂದನ್ನು ಇವರಿಗೆ ಕೊಟ್ಟನಂತೆ. ಶುರುವಾಯಿತಲ್ಲ! ಆ ಗಣಿಯಲ್ಲಿ ಪ್ರತಿಯೊಬ್ಬನಿಗೂ ನಂಬರಿನ ಹಿತ್ತಾಳೆ ಬಿಲ್ಲೆ. ಕೆಳಗಿಳಿಯುವಾಗ ಹಲಗೆಯ ಮೊಳೆಯಿಂದ ತೆಗೆದುಕೊಳ್ಳಬೇಕು, ಮೇಲೆ ಬಂದು ಮತ್ತೆ ತೂಗುಹಾಕಬೇಕು. ಮೊಳೆ ಖಾಲಿಯೆಂದರೆ ಆಸಾಮಿ ಇನ್ನೂ ನೆಲದಡಿಯಲ್ಲಿ. ಭಾವ ದೇರಾ ಪೇಟೆಯಲ್ಲಿ ಬಿಲ್ಲೆ ಮಾಡಿಸಿ ನಮ್ಮ ಬಾಗಿಲ ಬಳಿಯೂ ಹಲಗೆ ಹೊಡೆದೇಬಿಟ್ಟರು. ಅವರು ಒಂದು, ಅಕ್ಕ ಎರಡು, ಮಗಳು ಮೂರು, ಕೆಲಸ ಹುಡುಕುತ್ತಾ ಅವರಲ್ಲೇ ಠಿಕಾಣಿ ಹೂಡಿದ್ದ ನಾನು ನಾಲ್ಕು.

"ಪಪ್ಪಾ, ದಿಸ್ ಈಸ್ ಎ ಫ್ಲ್ಯಾಟ್," ಎಂದಳು ಮಗಳು. ಭಾವ ಜಗ್ಗಲಿಲ್ಲ. ಒಮ್ಮೆ ನನ್ನ ಬಿಲ್ಲೆ ಪ್ಯಾಂಟಿನ ಕಿಸೆಯಲ್ಲೇ ಉಳಿಯಿತು. ನಾನು ಮನೆಯೊಳಗೇ ಸ್ನಾನ ಮಾಡುತ್ತಿದ್ದರೆ, ಇವರು ಮೀನು ಮಾರ್ಕೆಟ್ಟಿನ ಬ್ಯಾರಿ ಗೆಳೆಯನಿಗೆ ಫೋನ್ ಮಾಡಿ ನನ್ನನ್ನು ಹುಡುಕಿಸುತ್ತಿದ್ದರು! "ಇಲ್ಲಿ ಬಂಗುಡೆ ಉಂಟು, ನಿಮ್ಮ ನಾಲ್ಕನೇ ನಂಬರ್ ಇಲ್ಲ ಮಾರ್ರೆ," ಎಂದನಂತೆ ಅವನು.

ನಮ್ಮ ಮೇಲೆ ಕಣ್ಣಿಡಲು ಈ ನಾಟಕ ಎಂಬುದು ನನ್ನ ಗುಮಾನಿ. ಅಕ್ಕನದು ಇನ್ನೂ ಒಂದು ಕೈ ಮೇಲೆ. ಪುಸ್ತಕವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಾರಲ್ಲ, ಅದರಲ್ಲಿ ಯಾವಳೋ ಮೇಡಮ್ಮಿನ ಕಾಗದ ಇರಲೇಬೇಕು ಎನ್ನುತ್ತಿದ್ದಳು. ಭಾವ ಕ್ಷೌರಕ್ಕೆ ಹೋದ ಒಂದು ಭಾನುವಾರ ಇಬ್ಬರೂ ಸೇರಿ ಬೀಗ ತೆಗೆದೆವು. ಕಾಗದವೂ ಇಲ್ಲ, ಮೇಡಮ್ಮೂ ಇಲ್ಲ. ಪುಸ್ತಕ ತಾನಾಗಿ ಒಂದು ಪುಟಕ್ಕೆ ತೆರೆದುಕೊಂಡಿತು. ಗಣಿಯಲ್ಲಿ ಸ್ಫೋಟವಾದಾಗ ಮೇಲೆ ಬಾರದವರ ಹೆಸರುಗಳು. ಪಟ್ಟಿಯ ಕೊನೆಗೆ, ಪೆನ್ಸಿಲಿನಲ್ಲಿ, ಭಾವನ ಕೈಬರಹದ ಕನ್ನಡದಲ್ಲಿ, ಇನ್ನೊಂದು ಹೆಸರು.

ಅಷ್ಟರಲ್ಲಿ ಭಾವ ಬಂದರು. ಬೈಯಲಿಲ್ಲ. ಒಂದನೇ ಬಿಲ್ಲೆಯನ್ನು ತೂಗುಹಾಕಿ ಕುಳಿತರು.

"ನಾನು ಬಂದ ಹೊಸತರಲ್ಲಿ ನನ್ನ ರೂಮಿನವ. ಗೋದಾಮಿನ ಹಿಂದೆ ಬಿಸಿಲಿಗೆ ಬಿದ್ದವ ಅಲ್ಲೇ ಹೋದ. ಎರಡು ದಿನ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ ಮಾರಾಯ. ದೇರಾಕ್ಕೆ ಹೋಗಿರ್ಬೇಕು ಅಂತ ಸುಮ್ಮನಿದ್ದೆ."

ಅಕ್ಕ ಡ್ರಾಯರು ಮುಚ್ಚಿದಳು. ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಮುಂದೆ ಅಬುಧಾಬಿಯಲ್ಲಿ ಕೆಲಸ ಸಿಕ್ಕಿ ಹೊರಟಾಗ ಬಿಲ್ಲೆಯನ್ನು ಮೊಳೆಗೆ ಹಾಕಹೋದೆ. ಭಾವ ಕೈ ಹಿಡಿದರು.

"ತಕೊಂಡು ಹೋಗು. ಮೊಳೆ ಖಾಲಿ ಇದ್ರೆ ನಂಗೆ ಕೇಳ್ಲಿಕ್ಕೆ ನೆನಪಿರ್ತದೆ."

ಈಗ ದಿನಾ ಸಂಜೆ ಫೋನ್ ಬರುತ್ತದೆ. ಹಲೋ ಗಿಲೋ ಏನಿಲ್ಲ. "ನಾಲ್ಕು?" ಎನ್ನುತ್ತಾರೆ.

"ಇದ್ದೇನೆ ಭಾವ," ಎನ್ನುತ್ತೇನೆ.