ಗೋಕಾಕ ಫಾಲ್ಸಿಗೆ ಸರಿಯಾದ ಹಂಗಾಮು

ನಮ್ಮದು ಅಥಣಿ ತಾಲೂಕಿನ ಸತ್ತಿ. ಕೃಷ್ಣಾ ದಂಡೆಯಲ್ಲೇ ಹುಟ್ಟಿ ಬೆಳೆದವನಾದ್ದರಿಂದ, ನೀರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಎಂಬತ್ತರ ದಶಕದಲ್ಲಿ ನನ್ನ ಮದುವೆಯಾಯಿತು. ಹೆಂಡತಿ ಪದ್ಮಾ ನಿಪ್ಪಾಣಿಯವಳು. ಅವಳಿಗೆ ಒಂದೇ ಆಸೆ, ಗೋಕಾಕ ಫಾಲ್ಸ್ ನೋಡಬೇಕು. ಅವಳ ತಂಗಿ ಅದರ ಮುಂದೆ ನಿಂತು ತೆಗೆಸಿಕೊಂಡ ಫೋಟೋವನ್ನು ಮನೆಗೆ ಬಂದವರಿಗೆಲ್ಲ ತೋರಿಸಿ ಮೆರೆಯುತ್ತಿದ್ದಳು.

"ಅದಕ್ಯಾಕ ಚಿಂತಿ? ಹಂಗಾಮ ನೋಡಿ ಹೋಗೂಣು," ಎಂದೆ.

ಮೊದಲ ಸಲ ಬೇಸಿಗೆಯನ್ನು ಆರಿಸಿದೆ. ಕೆಸರಿಲ್ಲ, ಕೊಡೆ ಬೇಡ, ಹೊಲದಲ್ಲಿ ಕೆಲಸವೂ ಕಡಿಮೆ. ಕೃಷ್ಣೆಯ ಸೇತುವೆ ದಾಟಿ, ಬಸ್ಸು ಬದಲಿಸುತ್ತ, ಬೆವರು ಒರೆಸಿಕೊಳ್ಳುತ್ತ ಹೋಗಿ ನಿಂತೆವು. ಎದುರಿಗೆ ದೊಡ್ಡ ಕಪ್ಪು ಬಂಡೆ. ಅದರ ಮೇಲೊಂದು ಆಡು!

"ನೀರ ಎಲ್ಲೈತ್ರಿ?" ಎಂದಳು.

"ನೀರ ಬಂದ್ರ ಈ ಕಲ್ಲ ಕಾಣಂಗಿಲ್ಲ. ಕಲ್ಲ ನೋಡಾಕ ಇದ ಹಂಗಾಮ!"

ಅವಳು ಸೆರಗು ಕೊಡವಿಕೊಂಡು ಬಸ್ಸಿನ ಕಡೆ ಹೊರಟೇಬಿಟ್ಟಳು.

ಮರುವರ್ಷ ಶಾಸ್ತ್ರೋಕ್ತವಾಗಿ ಮುಂದುವರಿದೆ. ಮಳೆಗಾಲ ಪೂರ್ತಿ ದಿನಾ ಮುಂಜಾನೆ ಹೊಳೆಗೆ ಹೋಗಿ ನೀರು ನೋಡಿ ಬಂದೆ. ಇಲ್ಲಿ ಕೃಷ್ಣೆ ತುಂಬಿದರೆ ಅಲ್ಲಿ ಫಾಲ್ಸಿನ ಘಟಪ್ರಭೆಯೂ ತುಂಬಲೇಬೇಕು! "ಇನ್ನೊಂದೀಟ ಏರ್ಲಿ, ಇನ್ನೊಂದೀಟ," ಎಂದು ಅವಳನ್ನು ತಡೆದು, ಕೊನೆಗೆ ದಂಡೆಯ ಕಬ್ಬಿನೊಳಗೆ ನೀರು ಹೊಕ್ಕ ದಿನ ಅಪ್ಪಣೆ ಕೊಟ್ಟೆ: "ಇವತ್ತ ಬುತ್ತಿ ಕಟ್ಟ!"

ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಅವಳು ಹೊಸ ಸೀರೆಯುಟ್ಟು ಬಂದಳು. ಬಸ್ಸಿನ ಹತ್ತಿರ ಕಂಡಕ್ಟರ್ ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ಎಲ್ಲಿಗ್ರಿ ಸಾವಕಾರ?"

"ಗೋಕಾಕ ಫಾಲ್ಸಿಗೆ."

"ಹಾರ್ಕೊಂಡ ಹೋಗ್ತೀರೇನ್ರಿ? ಪೂಲ ಮುಳುಗೈತಿ. ಹೊಳಿ ದಾಟೂ ಬಸ್ ಎಲ್ಲಾ ಬಂದ್!"

ಫಾಲ್ಸ್ ತುಂಬುವುದಕ್ಕೂ ನಮ್ಮ ಸೇತುವೆ ಮುಳುಗುವುದಕ್ಕೂ ಒಂದೇ ಮುಹೂರ್ತ ಎಂಬುದು, ದಿನಾ ನೀರು ನೋಡಿದ ಈ ಪಂಡಿತನಿಗೆ ತೋಚಿರಲಿಲ್ಲ! ಬುತ್ತಿಯನ್ನು ಮನೆಯ ಕಟ್ಟೆಯ ಮೇಲೆ ಬಿಚ್ಚಿದೆವು. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಅವತ್ತು ಸರಿಯಾದ ಹೊತ್ತಿಗೆ ನಡೆದದ್ದು ಅದೊಂದೇ.

ಮುಂದಿನ ವರ್ಷ ನಾನಿನ್ನೂ ವಿಚಾರ ಮಾಡುತ್ತಿರುವಾಗಲೇ ಅವಳ ಅಣ್ಣ ಬಂದು, ಪಂಚಮಿ ಹಬ್ಬಕ್ಕೆಂದು ತವರಿಗೆ ಕರೆದುಕೊಂಡು ಹೋದ. ಅವರು ದಾಟಿದ ಮೇಲೆ ಹೊಳೆ ಏರಿತು, ಸೇತುವೆ ಮುಳುಗಿತು. ನಾನು ಈಚೆ ದಂಡೆಯಲ್ಲಿ, ಕೈಯಾರೆ ಸುಟ್ಟುಕೊಂಡ ಕರಕಲು ರೊಟ್ಟಿ ತಿನ್ನುತ್ತ, ನೀರು ಇಳಿಯುವುದನ್ನೇ ಕಾಯುತ್ತ ಕೂತೆ.

ಇಳಿದ ಮೇಲೆ ಬಂದಳು. ಕೈಯಲ್ಲಿ ಪಂಚಮಿ ಉಂಡಿಯ ಡಬ್ಬಿ, ಅದರ ಮೇಲೊಂದು ಫೋಟೋ. ಫೋಟೋದಲ್ಲಿ ನಗುತ್ತಿರುವ ಪದ್ಮಾ, ಹಿಂದೆ ತುಂಬಿ ಸುರಿಯುತ್ತಿರುವ ಗೋಕಾಕ ಫಾಲ್ಸ್! ನಿಪ್ಪಾಣಿಯಿಂದ ಹೋಗಲು ಕೃಷ್ಣೆಯನ್ನು ದಾಟುವುದೇ ಬೇಕಿಲ್ಲ.

"ಹೊಳಿ ತುಂಬಿದಾಗ ಹೋಗ್ಬೇಕ ಅಂತ ನೀವ ಹೇಳಿದ್ರಲ್ಲಾ, ನಿಮ್ಮ ಲೆಕ್ಕ ಬರೋಬ್ಬರಿ ಇತ್ತ ನೋಡ್ರಿ," ಎಂದಳು. "ನೀವಷ್ಟ ಈ ದಂಡಿಗೆ ಇರಬೇಕ!"

ಅಂದಿನಿಂದ ಊರಲ್ಲಿ ಯಾರೇ ಫಾಲ್ಸಿಗೆ ಹೊರಟರೂ ಹಂಗಾಮು ಕೇಳಲು ನನ್ನ ಬಳಿಗೇ ಬರುತ್ತಾರೆ. ನಾನೂ ಗಂಭೀರವಾಗಿ ಸಲಹೆ ಕೊಡುತ್ತೇನೆ.

"ನೀವು ನೋಡೀರೇನ್ರಿ?" ಎಂದು ಕೇಳಿದರೆ ಮಾತ್ರ ಪದ್ಮಾ ಒಳಗಿನಿಂದಲೇ ಉತ್ತರಿಸುತ್ತಾಳೆ:

"ನೋಡ್ಯಾರ. ಕಲ್ಲ ನೋಡ್ಯಾರ!"