ಮಾವನ ಸದ್ದಿಲ್ಲದ ಗಾಡಿ

ನಮ್ಮ ಸೋದರಮಾವನಿಗೆ ಸದ್ದು ಮಾಡದ ಯಾವ ವಸ್ತುವಿನ ಮೇಲೂ ನಂಬಿಕೆಯಿಲ್ಲ. ಕೂಗದ ಕುಕ್ಕರಿನಲ್ಲಿ ಬೆಂದ ಬೇಳೆ ಅವರ ಪ್ರಕಾರ ಹಸಿ. ಮೆತ್ತಗೆ ಮಾತಾಡುವ ಡಾಕ್ಟರು ಓದಿ ಪಾಸಾದವನೇ ಅಲ್ಲ! ಮೂವತ್ತು ವರ್ಷ ಡೀಸೆಲ್ ಟೆಂಪೋ ಓಡಿಸಿದ ಜೀವ, ಪಾಪ. ಇಂಥವರನ್ನು ಕರೆತಂದು ಬ್ಯಾಟರಿ ಗಾಡಿಯ ಕಂಪನಿಗೆ ಸೇರಿಸಿದ ಮಹಾನುಭಾವ ಯಾರು ಅಂತೀರಾ? ನಾನೇ!

ಕಂಪನಿ ಅಂದರೆ ದೊಡ್ಡದೇನಲ್ಲ. ಕೋಲಾರದಲ್ಲಿ ಮೂರು ಕೋಣೆ, ಅಂಗಳದಲ್ಲಿ ಹನ್ನೆರಡು ಎಲೆಕ್ಟ್ರಿಕ್ ಸರಕು ಆಟೋ, ಗೋಡೆಯ ಮೇಲೆ ‘ಹೊಗೆಯಿಲ್ಲದ ನಾಳೆ’ ಎಂಬ ಬೋರ್ಡು, ಅದರ ಕೆಳಗೆ ಬೀಡಿ ಸೇದುತ್ತ ನಿಂತ ಡ್ರೈವರುಗಳು. ಸುತ್ತಲ ಹಳ್ಳಿಗಳ ತರಕಾರಿ, ರೇಷ್ಮೆಗೂಡು ಮಾರುಕಟ್ಟೆಗೆ ಸಾಗಿಸುವುದು ನಮ್ಮ ಕಸುಬು. ಯಾವ ಗಾಡಿ ಎಲ್ಲಿದೆ ಎಂದು ಕಂಪ್ಯೂಟರಿನ ನಕ್ಷೆಯಲ್ಲಿ ಚುಕ್ಕೆಗಳನ್ನು ಕಾಯುತ್ತ ಕೂರುವುದು ನನ್ನ ಉದ್ಯೋಗ.

ತರಬೇತಿಯ ಮೊದಲ ದಿನ ಮ್ಯಾನೇಜರ್ ಮೇಡಂ ಗಾಡಿಯ ಕೀ ತಿರುಗಿಸಿ, “ಆನ್ ಆಗಿದೆ, ಹೊರಡಿ” ಎಂದರು. ಮಾವ ಕಿವಿಗೊಟ್ಟು ಕೇಳಿದರು. “ಎಲ್ಲಮ್ಮಾ ಆನ್ ಆಗಿದೆ? ಉಸಿರೇ ಇಲ್ವಲ್ಲ!” ಎನ್ನುತ್ತ ಎಕ್ಸಿಲರೇಟರನ್ನು ಪೂರ್ತಿ ತಿರುವಿಬಿಟ್ಟರು. ಗಾಡಿ ಒಂದೇ ನೆಗೆತಕ್ಕೆ ಹೂಕುಂಡಗಳ ಸಾಲಿನೊಳಗೆ! ಮಾವ ಮಣ್ಣು ಕೊಡವಿಕೊಂಡು ಎದ್ದು ಗಾಡಿಗೇ ಬೈದರು, “ಹೇಳೋದಿಲ್ಲ ಕೇಳೋದಿಲ್ಲ, ಹೊರಟೇಬಿಡೋದಾ? ಮಾನ ಮರ್ಯಾದೆ ಇರೋ ಗಾಡೀನಾ ಇದು?”

ಮಾವ ಮನುಷ್ಯರ ಜೊತೆ ಕನ್ನಡ, ಗಾಡಿಗಳ ಜೊತೆ ತೆಲುಗು ಮಾತಾಡುವವರು. ಏರಿನಲ್ಲಿ “ಪದರಾ ನಾಯನಾ, ಪದ”, ಅಂದರೆ ‘ನಡಿಯಪ್ಪಾ ನಡಿ’, ಎಂದು ಪುಸಲಾಯಿಸುತ್ತಿದ್ದರೆ ಹಳೆಯ ಟೆಂಪೋ ಹತ್ತುತ್ತಿತ್ತಂತೆ. “ಇದಕ್ಕೆ ತೆಲುಗು ತಲೆಗೇ ಹತ್ತಲ್ಲ ಕಣೋ” ಎಂದು ನನ್ನಲ್ಲಿ ದೂರಿದರು. ಕೊನೆಗೆ ಏರು ಬಂದಾಗಲೆಲ್ಲ ಬಾಯಲ್ಲೇ “ಡರ್ರ್ರ್” ಎಂದು ಇಂಜಿನ್ ಸದ್ದು ಮಾಡತೊಡಗಿದರು. ಟೊಮೇಟೊ ಕಳಿಸಿದ ರೈತರೊಬ್ಬರು ನನಗೆ ಫೋನು ಮಾಡಿ, “ಗಾಡಿ ಚೆನ್ನಾಗಿದೆ ಸಾರ್, ಡ್ರೈವರ್‌ನ ಒಂದ್ಸಲ ಸರ್ವೀಸ್ ಮಾಡಿಸಿ” ಎಂದರು!

ಇಷ್ಟನ್ನೆಲ್ಲ ಕಂಪನಿ ನಕ್ಕು ಸಹಿಸಿಕೊಂಡಿತು. ಸಹಿಸದೇ ಹೋದದ್ದು ಕೆರೆ ಸುತ್ತುವುದನ್ನು. ದಿನಾ ಮಧ್ಯಾಹ್ನ ಸರಕು ಇಳಿಸಿದ ಮೇಲೆ ಮಾವನ ಚುಕ್ಕೆ ಆಫೀಸಿಗೆ ಬರುವ ಬದಲು ಹುತ್ತೂರಿನ ಕಡೆ ಹೋಗಿ, ಅವರ ಹಳ್ಳಿಯ ಕೆರೆಯನ್ನು ಮೂರು ಸುತ್ತು ಸುತ್ತುತ್ತಿತ್ತು. ವಾಪಸು ಬರುವಷ್ಟರಲ್ಲಿ ಚಾರ್ಜು ಖಾಲಿ, ಸಂಜೆಯ ಟ್ರಿಪ್ಪಿಗೆ ಗಾಡಿ ಇಲ್ಲ.

“ಏನ್ ಮಾವ ಇದು?” ಎಂದೆ.

“ಹೊಸ ಎತ್ತು ತಂದ್ರೆ ಊರು ಸುತ್ತಿಸಲ್ವೇನೋ, ದಾರಿ ಗುರುತು ಹತ್ಲಿ ಅಂತ?”

“ಬಂದು ಮೂರು ತಿಂಗಳಾಯ್ತಲ್ಲ!”

“ಇದು ಸ್ವಲ್ಪ ಮಂದ ಕಣೋ.”

ಮೇಡಂ ನಗಲಿಲ್ಲ. ಇನ್ನೊಂದು ದಿನ ಹೀಗಾದರೆ ಸೋಮವಾರದಿಂದ ಆ ಗಾಡಿ ಬೇರೆಯವರಿಗೆ ಎಂದುಬಿಟ್ಟರು. ಕದ್ದು ಬಾಡಿಗೆ ಹೊಡೆಯುತ್ತಿದ್ದಾರೇನೋ ಎಂಬ ಅನುಮಾನ ನನಗೂ ಇತ್ತು, ಸುಳ್ಳೇಕೆ ಹೇಳಲಿ? ಮರುದಿನ ಬೈಕ್ ಹತ್ತಿ ಕೆರೆ ಏರಿಯ ಮೇಲೆ ಹೋಗಿ ಕಾದು ನಿಂತೆ.

ಗಾಡಿ ಬಂತು. ಮಾವನ ಪಕ್ಕದಲ್ಲಿ ಇದ್ದಷ್ಟು ಜಾಗದಲ್ಲೇ ಮುದುರಿ ಕೂತಿದ್ದವರು ನಮ್ಮತ್ತೆ! ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸಿ ಬಂದ ಕೈಯನ್ನು ಆಡಿಸುತ್ತ, ಪಕ್ಕದ ಮನೆಯಾಕೆ ಕೋಳಿಯ ಜೊತೆ ಜಗಳ ಆಡಿದ್ದನ್ನು ಅಭಿನಯಿಸಿ ತೋರಿಸುತ್ತಿದ್ದರು. ಆಕೆಯ ಮಾತನ್ನೂ ಅವರೇ ಆಡಿದರು, ಕೋಳಿಯ ಮಾತನ್ನೂ ಅವರೇ! ಮಾವ ಗಾಡಿ ನಿಲ್ಲಿಸಿ ಕಣ್ಣೊರೆಸಿಕೊಂಡು ನಗುತ್ತಿದ್ದರು. ನನ್ನನ್ನು ಕಂಡದ್ದೇ ನಗು ನಿಂತಿತು.

ಅತ್ತೆಯನ್ನು ಮನೆಗೆ ಬಿಟ್ಟು ಬಂದು ನನ್ನ ಮುಂದೆ ತಲೆ ತಗ್ಗಿಸಿ ನಿಂತರು.

“ಮೂವತ್ತು ವರ್ಷ ಟೆಂಪೋಲಿ ಪಕ್ಕದಲ್ಲೇ ಕೂತು ಮಾತಾಡ್ತಾನೇ ಇದ್ಳು ಕಣೋ. ಆ ಇಂಜಿನ್ ಸದ್ದಲ್ಲಿ ಒಂದಕ್ಷರ ಕೇಳ್ತಿರ್ಲಿಲ್ಲ. ಸುಮ್ನೆ ಹೂಂ ಹೂಂ ಅಂತಿದ್ದೆ. ಮನೆಗೆ ಹೋದ್ರೆ ನಿದ್ದೆ. ಇವ್ಳು ಇಷ್ಟು ತಮಾಷೆ ಮಾತಾಡ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ.” ಗಾಡಿಯ ಮೇಲೆ ಕೈಯಿಟ್ಟು ಕೇಳಿದರು, “ಗಾಡಿ ಕಿತ್ಕೊಂಡುಬಿಡ್ತೀರಾ?”

ಆಫೀಸಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಡಂ ನಕ್ಷೆಯಲ್ಲಿ ಕೆರೆಯ ಸುತ್ತ ಒಮ್ಮೆ ಬೆರಳಾಡಿಸಿದರು. ಆಮೇಲೆ, “ಸಂಜೆ ಟ್ರಿಪ್ಪನ್ನ ಬೇರೆ ಗಾಡಿಗೆ ಹಾಕಿಬಿಡಿ” ಎಂದರು.

ಸುದ್ದಿ ಹೇಳಲು ಫೋನು ಮಾಡಿದೆ. ಮಾವನಿಗೆ ಖುಷಿಗಿಂತ ಚಿಂತೆಯೇ ಹೆಚ್ಚಾದಂತಿತ್ತು.

“ಹಿಂದಿನದೆಲ್ಲ ನಂಗೆ ಕೇಳ್ಸೇ ಇಲ್ಲ ಅಂತ ಅವಳ ಹತ್ರ ಒಪ್ಕೊಂಡ್ಬಿಟ್ಟೆ ಕಣೋ. ಮದುವೆ ಆದ ವರ್ಷದಿಂದ ಎಲ್ಲಾ ಮತ್ತೆ ಹೇಳ್ತಾ ಇದಾಳೆ. ಇನ್ನೂ ಎರಡನೇ ವರ್ಷಕ್ಕೆ ಬಂದಿದಾಳೆ ಅಷ್ಟೆ. ಈ ಬ್ಯಾಟರಿ ಮೂವತ್ತು ವರ್ಷ ಬರುತ್ತೇನೋ?”

ಎಂಟು ವರ್ಷ ಬಂದರೆ ಹೆಚ್ಚು ಎಂದು ನನಗೆ ಗೊತ್ತಿತ್ತು.

“ಬರುತ್ತೆ ಮಾವ” ಎಂದೆ.